ಐದು ವರ್ಷಕ್ಕೆ ಎರಡು ಪದವಿ: ಉಳಿಯುವುದೇನು?

ಭಾನುವಾರದ ಬಲಿಪೂಜೆಯ ಬಳಿಕ ಕಡಬ ಕಡೆಯ ಕೃಷಿಕರೊಬ್ಬರು ಮಗಳೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಉತ್ತಮ ಅಂಕ ಗಳಿಸಿದ್ದಳು. ತಂದೆಯ ಕೈಯಲ್ಲಿ ಯಾವುದೋ ಸಂಸ್ಥೆಯ ಬಣ್ಣದ ಕೈಪಿಡಿ. "ಫಾದರ್, ಬಿಎಸ್ಸಿ, ಎಂಎಸ್ಸಿ ಎರಡೂ ಐದೇ ವರ್ಷಕ್ಕೆ ಆಗ್ತದಂತೆ. ಒಂದು ವರ್ಷ ಉಳೀತದಲ್ವಾ?" ಎಂದರು.

ಬೆರಳೆಣಿಸಿ ನೋಡಿದೆವು. ಮೂರು ವರ್ಷದ ಪದವಿ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ, ಕೂಡಿಸಿದರೆ ಐದೇ. ನಾಲ್ಕು ವರ್ಷದ ಆನರ್ಸ್ ಮತ್ತು ಒಂದು ವರ್ಷದ ಸ್ನಾತಕೋತ್ತರ ಎಂದರೂ ಐದೇ. ವರ್ಷವೊಂದು ನಿಜವಾಗಿ ಉಳಿಯುವುದು ಕಾನೂನು ಶಿಕ್ಷಣದಲ್ಲಿ. ಪದವಿಯ ನಂತರ ಎಲ್‌ಎಲ್‌ಬಿ ಓದಿದರೆ ಆರು ವರ್ಷ, ಪಿಯುಸಿಯಿಂದ ನೇರವಾಗಿ ಸೇರಿದರೆ ಐದು. ಆದರೆ ಅಲ್ಲಿ ದೊರೆಯುವುದು ಎರಡು ಸ್ನಾತಕ ಪದವಿಗಳು, ಸ್ನಾತಕೋತ್ತರವಲ್ಲ.

ಶೀಘ್ರ ಪದವಿಯೆಂಬ ಇನ್ನೊಂದು ಮಾತೂ ಕೇಳಿಬರುತ್ತಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2024ರ ನವೆಂಬರಿನಲ್ಲಿ ಇದನ್ನು ಪ್ರಕಟಿಸಿತು. ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರುಗಳಲ್ಲಿ, ನಾಲ್ಕು ವರ್ಷದ್ದನ್ನು ಆರು ಅಥವಾ ಏಳರಲ್ಲಿ ಮುಗಿಸಬಹುದು. ಕಲಿಯಬೇಕಾದುದು ಅಷ್ಟೇ, ಕಾಲ ಮಾತ್ರ ಬಿಗಿ. ಅಳವಡಿಕೆ ಆಯಾ ಸಂಸ್ಥೆಗೆ ಬಿಟ್ಟದ್ದು. ಅವಕಾಶವೂ ಶೇಕಡಾ 10ರಷ್ಟು ಸ್ಥಾನಗಳಿಗೆ ಸೀಮಿತ. ಮೊದಲ ಒಂದೆರಡು ಸೆಮಿಸ್ಟರುಗಳ ಸಾಧನೆ ನೋಡಿಯೇ ಆಯ್ಕೆ. ಸ್ನಾತಕೋತ್ತರ ಪ್ರವೇಶ ವರ್ಷಕ್ಕೊಮ್ಮೆಯೇ ನಡೆಯುವಲ್ಲಿ, ಗಳಿಸಿದ ಅರ್ಧ ವರ್ಷ ಮನೆಯಲ್ಲಿ ಕಾಯುವುದರಲ್ಲೇ ಕಳೆದೀತು. (ಧರ್ಮಸಭೆಯಾದರೋ 2011ರಲ್ಲಿ ತತ್ವಶಾಸ್ತ್ರದ ಮೊದಲ ಪದವಿಯನ್ನು ಎರಡರಿಂದ ಮೂರು ವರ್ಷಕ್ಕೆ ಏರಿಸಿತು. ತತ್ವಶಾಸ್ತ್ರ ಕಲಿತವನಾದ ನನಗೆ ಅದರಲ್ಲಿ ಬೇಸರವಿಲ್ಲ.)

ಹಾಗಿದ್ದರೆ ಸಂಯೋಜಿತ ಕೋರ್ಸಿನಿಂದ ಲಾಭವೇ ಇಲ್ಲವೇ? ಇದೆ, ಆದರೆ ಅದು ಕಾಲದ ಲಾಭವಲ್ಲ. ಒಮ್ಮೆ ಪ್ರವೇಶ ಪಡೆದರೆ ಮತ್ತೆ ಅರ್ಜಿ, ಮತ್ತೆ ಪರೀಕ್ಷೆ ಇಲ್ಲ. ನಮ್ಮ ಅನೇಕ ಮನೆಗಳಲ್ಲಿ ಹೆಣ್ಣುಮಗಳ ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಗಲ್ಫಿನಿಂದ ವರನ ಪ್ರಸ್ತಾಪ ಬರುತ್ತದೆ, "ಇಷ್ಟು ಓದಿದ್ದು ಸಾಕು" ಎಂಬ ಮಾತೂ ಬರುತ್ತದೆ. ಐದು ವರ್ಷದ ಪ್ರವೇಶ ಕೈಯಲ್ಲಿದ್ದರೆ ಆ ಮಾತಿನ ಬಲ ಕುಗ್ಗುತ್ತದೆ. ಇದನ್ನು ನಾನು ತಂದೆಯ ಎದುರೇ ಹೇಳಿದೆ. ಅವರು ತಲೆತಗ್ಗಿಸಿ ನಕ್ಕರು.

ಇದಕ್ಕೊಂದು ಇನ್ನೊಂದು ಮಗ್ಗುಲಿದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಅಡಿಕೆಗೆ ಹಳದಿ ಎಲೆ ರೋಗ ತಗಲಿದ ತೋಟಗಳನ್ನು ಕಂಡವರಿಗೆ, ಮನೆಯ ಆದಾಯ ಮೂರು ವರ್ಷಗಳಲ್ಲಿ ಹೇಗೆ ಕರಗಬಹುದೆಂದು ವಿವರಿಸಬೇಕಾಗಿಲ್ಲ. ಅಂಥ ಮನೆಯ ಮಗ ನಡುವೆ ಓದು ನಿಲ್ಲಿಸಬೇಕಾಗಿ ಬಂದರೆ ಅವನ ಕೈಯಲ್ಲಿ ಪದವಿಪತ್ರ ಇರುವುದೇ, ಬರಿಯ ಅಂಕಪಟ್ಟಿ ಇರುವುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ಸ್ನಾತಕ ಕೋರ್ಸಿನಲ್ಲಿ ನಾಲ್ಕನೆಯ ವರ್ಷಕ್ಕೆ ಪದವಿ ಸಿಗುತ್ತದೆ, ಐದನೆಯ ವರ್ಷದ ಸ್ನಾತಕೋತ್ತರ ಐಚ್ಛಿಕ. ಎಲ್ಲ ಸಂಸ್ಥೆಗಳೂ ಹೀಗಲ್ಲ. ನಿಯಮಗಳು ನಡುದಾರಿಯಲ್ಲಿ ಬದಲಾಗುವುದೂ ಉಂಟು. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು.

ಊರಲ್ಲಿದ್ದೇ ಓದುವ ದಾರಿಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು 1958ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಸ್ಥಾಪಿಸಿದ್ದು ಈ ಭಾಗದ ಮಕ್ಕಳಿಗೆ ಪದವಿ ಮನೆಯ ಹತ್ತಿರವೇ ದೊರೆಯಲೆಂದು. ಇಂದು ಅಲ್ಲಿ ಕೆಲವು ಸ್ನಾತಕೋತ್ತರ ವಿಭಾಗಗಳೂ ಇವೆ. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ ಒಂದರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆಂದು ಕೇಂದ್ರ ಸರಕಾರ ರೂಪಿಸಿದ ಇನ್‌ಸ್ಪೈರ್ ವಿದ್ಯಾರ್ಥಿವೇತನ, ವರ್ಷಕ್ಕೆ 80,000 ರೂಪಾಯಿ, ಬಿಡಿಬಿಡಿಯಾಗಿ ಬಿಎಸ್ಸಿ, ಎಂಎಸ್ಸಿ ಓದುವವರಿಗೂ ಅನ್ವಯಿಸುತ್ತದೆ.

ಹದಿನೇಳರ ವಯಸ್ಸಿನಲ್ಲಿ ಒಂದೇ ವಿಷಯಕ್ಕೆ ಐದು ವರ್ಷ ಕಟ್ಟಿಕೊಳ್ಳುವುದು ಸಣ್ಣ ಮಾತಲ್ಲ. ಹುಡುಗಿಯನ್ನೇ ಕೇಳಿದೆ. ರಸಾಯನಶಾಸ್ತ್ರ ಇಷ್ಟ, ಆದರೆ ಗಣಿತವೂ ಇಷ್ಟ ಎಂದಳು. ಅಷ್ಟು ಹೊತ್ತು ಮಾತನಾಡಿದ ನಮ್ಮಿಬ್ಬರಿಗೂ ಅದು ಹೊಸ ಸುದ್ದಿ. ಕೊನೆಗೆ ಅವಳೇ ಕೈಪಿಡಿಯನ್ನು ತೆಗೆದುಕೊಂಡು ಅದರ ಹಿಂಬದಿಯಲ್ಲಿ ಎರಡು ಪ್ರಶ್ನೆ ಬರೆದಳು: ಮೂರು ವರ್ಷಕ್ಕೆ ನಿಲ್ಲಿಸಿದರೆ ಏನು ಕೊಡುತ್ತೀರಿ? ಎರಡನೆಯ ವರ್ಷದಲ್ಲಿ ವಿಷಯ ಬದಲಿಸಬಹುದೇ? ಉತ್ತರವನ್ನು ಬರಹದಲ್ಲೇ ಪಡೆಯಬೇಕೆಂದು ಹೇಳಿ ಕಳುಹಿಸಿದ್ದೇನೆ.