ಗುಡ್ಡದ ಮೇಲಿನ ರಜಾಮನೆ

ಅದು ಮೊದಲು ಸರ್ಕಾರಿ ನೌಕರರಿಗೆಂದು ಕಟ್ಟಿದ ಶಿಬಿರ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ನಾಲ್ಕು ಕಾಸು ಸಿಗಲೆಂದು ಅಮೆರಿಕ ಸರ್ಕಾರ ಮೇರಿಲ್ಯಾಂಡಿನ ಕಟಾಕ್ಟಿನ್ ಗುಡ್ಡದ ಕಾಡಿನಲ್ಲಿ ಮರದ ಕೋಣೆಗಳನ್ನು ಕಟ್ಟಿಸಿತು. ನೌಕರರು ಹೆಂಡತಿ ಮಕ್ಕಳೊಂದಿಗೆ ಬಂದು ಇದ್ದು ಹೋಗಲಿ ಎಂಬ ಲೆಕ್ಕ. 1942ರಲ್ಲಿ, ಆ ಸರ್ಕಾರದ ಅತಿ ಹಿರಿಯ ನೌಕರನ ಕಣ್ಣು ಅದರ ಮೇಲೆ ಬಿತ್ತು.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದುವರೆಗೆ ವಾಷಿಂಗ್ಟನ್ನಿನ ಸೆಕೆ ತಪ್ಪಿಸಿಕೊಳ್ಳಲು ಪೊಟೊಮ್ಯಾಕ್ ಎಂಬ ವಿಹಾರನೌಕೆ ಹತ್ತುತ್ತಿದ್ದರು. ಯುದ್ಧ ಬಂತು, ಜರ್ಮನ್ ಜಲಾಂತರ್ಗಾಮಿಗಳ ಭಯದಿಂದ ನೀರಿನ ವಿಹಾರ ನಿಂತಿತು. ರಾಜಧಾನಿಯಿಂದ ನೂರು ಕಿಲೋಮೀಟರಿನಷ್ಟು ದೂರದ ಈ ತಂಪು ಗುಡ್ಡ ಹಿಡಿಸಿತು. ಜೇಮ್ಸ್ ಹಿಲ್ಟನ್ ಕಾದಂಬರಿಯ ಕಲ್ಪನೆಯ ಊರಿನ ಹೆಸರನ್ನೇ ಇಟ್ಟರು: ಶಾಂಗ್ರಿ-ಲಾ. ನೌಕೆಯ ಸಿಬ್ಬಂದಿ ಅಧ್ಯಕ್ಷರ ಹಿಂದೆಯೇ ಗುಡ್ಡ ಹತ್ತಿದರು. ಸಮುದ್ರದ ಸುಳಿವೇ ಇಲ್ಲದ ಈ ಜಾಗವನ್ನು ಇಂದಿಗೂ ನೌಕಾಪಡೆಯೇ ನೋಡಿಕೊಳ್ಳುತ್ತಿದೆ.

ಮುಂದೆ ಬಂದ ಟ್ರೂಮನ್‌ಗೆ ಗುಡ್ಡ ರುಚಿಸಲಿಲ್ಲ. ಅವರು ಫ್ಲಾರಿಡಾದ ಕೀ ವೆಸ್ಟ್‌ಗೆ ಹೋಗುತ್ತಿದ್ದರು. 1953ರಲ್ಲಿ ಐಸೆನ್‌ಹೋವರ್, ಶಾಂಗ್ರಿ-ಲಾ ಎಂಬ ಹೆಸರಿನ ಆಡಂಬರ ಬೇಡವೆಂದು ಮೊಮ್ಮಗನ ಹೆಸರಿಟ್ಟರು. ಅದೇ ಕ್ಯಾಂಪ್ ಡೇವಿಡ್. 1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಇಲ್ಲಿಗೆ ಆಹ್ವಾನ ಬಂದಾಗ ಮಾಸ್ಕೋದಲ್ಲಿ ಯಾರಿಗೂ ಇದೇನೆಂದು ತಿಳಿದಿರಲಿಲ್ಲವಂತೆ. ನಂಬಿಕೆಗೆ ಅರ್ಹರಲ್ಲದವರನ್ನು ಕೂಡಿಹಾಕುವ ಜಾಗವಿರಬಹುದೇ ಎಂಬ ಅನುಮಾನ ಕಾಡಿತ್ತೆಂದು ಅವರೇ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಜಿಮ್ಮಿ ಕಾರ್ಟರ್ ಬಂದವರೇ ಈ ದುಂದು ಬೇಡ, ಮಾರಿಬಿಡೋಣ ಎಂದಿದ್ದರು. ಒಮ್ಮೆ ಹೋಗಿ ಬಂದರು. ಮಾತು ಅಲ್ಲಿಗೇ ನಿಂತಿತು. 1978ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಅವರನ್ನು ಶಾಂತಿ ಮಾತುಕತೆಗೆ ಇಲ್ಲಿಗೇ ಕರೆಸಿಕೊಂಡರು. ಇಬ್ಬರೂ ಎದುರುಬದುರಾದರೆ ಮಾತು ಜಗಳಕ್ಕೇ ತಿರುಗುತ್ತಿತ್ತು. ಮೂರು ದಿನ ನೋಡಿದ ಕಾರ್ಟರ್, ಇಬ್ಬರನ್ನೂ ಬೇರೆ ಬೇರೆ ಕೋಣೆಗಳಲ್ಲೇ ಬಿಟ್ಟು, ತಾವೇ ಕರಡು ಹಿಡಿದು ನಡುವೆ ಓಡಾಡತೊಡಗಿದರು. ಹದಿಮೂರನೆಯ ದಿನ ಬೆಗಿನ್ ಹೊರಟು ನಿಂತಂತೆಯೇ. ಮೂವರೂ ಕೂಡಿ ನಿಂತ ಚಿತ್ರಕ್ಕೆ ತಮ್ಮ ಮೊಮ್ಮಕ್ಕಳಿಗಾಗಿ ಕಾರ್ಟರ್ ಸಹಿ ಬೇಕೆಂದು ಅವರು ಮೊದಲೇ ಕೇಳಿದ್ದರು. ಕಾರ್ಟರ್ ಬರೀ ಸಹಿ ಹಾಕಿ ಕಳಿಸಲಿಲ್ಲ. ಎಂಟೂ ಮಕ್ಕಳ ಹೆಸರು ತರಿಸಿ, ಒಂದೊಂದು ಪ್ರತಿಯ ಮೇಲೆ ಒಂದೊಂದು ಹೆಸರು ಬರೆದು, ತಾವೇ ಒಯ್ದು ಕೊಟ್ಟರು. ಬೆಗಿನ್ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಗಂಟಲು ಕಟ್ಟಿತು. ಅದೇ ದಿನ ಒಪ್ಪಂದವಾಯಿತು. ವಾಷಿಂಗ್ಟನ್ನಿನ ಉದ್ದ ಮೇಜಿನ ಮುಂದೆ, ಕ್ಯಾಮೆರಾಗಳ ನಡುವೆ ಇದು ಆಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಎಲ್ಲರಿಗೂ ಈ ಕಾಡು ಒಗ್ಗಿತೆಂದಲ್ಲ. ಲಿಂಡನ್ ಜಾನ್ಸನ್‌ಗೆ ಟೆಕ್ಸಸ್‌ನ ತಮ್ಮ ಜಮೀನೇ ಸ್ವರ್ಗ. ನೀರಿನಲ್ಲೂ ತೇಲುವ ಕಾರೊಂದು ಅವರ ಬಳಿ ಇತ್ತು. ಏನೂ ತಿಳಿಯದ ಅತಿಥಿಯನ್ನು ಕೂರಿಸಿಕೊಂಡು, ಬ್ರೇಕ್ ಹಿಡಿಯುತ್ತಿಲ್ಲ ಎಂದು ಕೂಗುತ್ತ ಇಳಿಜಾರಿನಲ್ಲಿ ಸೀದಾ ಕೆರೆಗೆ ನುಗ್ಗಿಸುವುದು ಅವರ ಮೋಜು. ಟ್ರಂಪ್ ಒಲವು ಫ್ಲಾರಿಡಾದ ಮಾರ್-ಅ-ಲಾಗೊ ಕಡೆಗೆ. ರೇಗನ್‌ಗೆ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಕುದುರೆ ಜಮೀನಿದ್ದರೂ ಕ್ಯಾಂಪ್ ಡೇವಿಡ್‌ಗೆ ಅತಿ ಹೆಚ್ಚು ಸಲ ಹೋದವರು ಅವರೇ.

ಇಲ್ಲಿನ ಮನೆಗಳಿಗೆಲ್ಲ ಗಿಡಮರಗಳ ಹೆಸರು: ಅಧ್ಯಕ್ಷರದು ಆಸ್ಪೆನ್, ಸಭೆ ನಡೆಯುವುದು ಲಾರೆಲ್. ಓಡಾಟಕ್ಕೆ ಗಾಲ್ಫ್ ಗಾಡಿ. ಸುತ್ತಲಿನ ಕಟಾಕ್ಟಿನ್ ಉದ್ಯಾನಕ್ಕೆ ಯಾರು ಬೇಕಾದರೂ ಹೋಗಬಹುದು. ಕ್ಯಾಂಪ್ ಡೇವಿಡ್‌ಗೆ ಮಾತ್ರ ಪ್ರವೇಶವಿಲ್ಲ. ಆದರೆ ಅದೇ ಕಾಲದಲ್ಲಿ, ಅದೇ ಯೋಜನೆಯಲ್ಲಿ ಕಟ್ಟಿದ ಅಕ್ಕಪಕ್ಕದ ಶಿಬಿರಗಳು ಉದ್ಯಾನದೊಳಗೆ ಇನ್ನೂ ಉಳಿದಿವೆ. ಅವುಗಳಲ್ಲಿ ಮಿಸ್ಟಿ ಮೌಂಟ್ ಎಂಬಲ್ಲಿನ ಮರದ ಕೋಣೆಗಳನ್ನು ಸಾಮಾನ್ಯರಿಗೂ ಬಾಡಿಗೆಗೆ ಕೊಡುತ್ತ ಬಂದಿದ್ದಾರೆ.