ಚೀಲದ ಮೇಲಿನ ‘ಪ್ರೋಟೀನ್ 20%’: ಹಸುವಿಗೆ ಒಂದು ಅರ್ಥ, ಕೋಳಿಗೆ ಒಂದು, ಕುದುರೆಗೆ ಮತ್ತೊಂದು

ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾವು ಒಂದು ಸಣ್ಣ ಕೆಲಸ ವಹಿಸಿದ್ದೆವು. ಮನೆಯಲ್ಲಿ ದನಕ್ಕೋ ಕೋಳಿಗೋ ತಂದಿರುವ ಆಹಾರದ ಚೀಲದ ಮೇಲೆ ಅಚ್ಚಾಗಿರುವುದನ್ನು ಇದ್ದದ್ದು ಇದ್ದಂತೆ ಬರೆದುಕೊಂಡು, ಕನ್ನಡಕ್ಕೆ ತಿರುಗಿಸಿ ತರಬೇಕು. ಅಕ್ಕಲಕೋಟೆ ಸೀಮೆಯಲ್ಲಿ ಈ ಚೀಲಗಳ ಬರಹ ಮರಾಠಿಯಲ್ಲಿರುತ್ತದೆ, ಇಲ್ಲವೆ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಮಕ್ಕಳು ತಂದ ಹಾಳೆಗಳಲ್ಲಿ ಹೆಚ್ಚಿನವುಗಳ ಮೊದಲ ಸಾಲು ಒಂದೇ ಆಗಿತ್ತು: ‘ಕ್ರೂಡ್ ಪ್ರೋಟೀನ್, ಕನಿಷ್ಠ ಶೇ. 20’.

ಮಗಳನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬರು ಆ ಹಾಳೆಗಳನ್ನು ನೋಡುತ್ತ ನಿಂತವರು ಕೇಳಿದರು: “ಸರ್, ಎರಡರ ಮ್ಯಾಲೂ ಇಪ್ಪತ್ತಂತ ಬರದೈತಿ. ಮತ್ತ ಒಂದಕ್ಕ ರೊಕ್ಕ ಹೆಚ್ಚ ಯಾಕ? ಅಗ್ಗದ್ದ ತಂದ್ರ ಆಗೂದಿಲ್ಲೇನು?” ಎರಡು ಎಮ್ಮೆಗಳ ಹಾಲಿನ ಹಣದಲ್ಲಿ ಮೂವರು ಮಕ್ಕಳನ್ನು ಓದಿಸುತ್ತಿರುವ ಮನೆ ಅದು. ಪ್ರಶ್ನೆಗೆ ಅಲ್ಲಿಯೇ ನಿಂತು ಉತ್ತರಿಸಲು ನಮಗೆ ಆಗಲಿಲ್ಲ. ಉತ್ತರಕ್ಕೆ ಸುಮಾರು ನೂರ ನಲವತ್ತು ವರ್ಷಗಳ ಸಂಶೋಧನೆಯ ಕತೆ ಬೇಕಾಗುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನಿಂದ ಆರಂಭಿಸೋಣ; ಗಡಿಯಲ್ಲಿರುವ ನಮಗೆ ಅದೊಂದು ಅನುಕೂಲ. ಪ್ರೋಟೀನಿಗೆ ಮರಾಠಿಯಲ್ಲಿ ‘ಪ್ರಥಿನೆ’ ಎನ್ನುತ್ತಾರೆ, ತಮಿಳಿನಲ್ಲಿ ‘ಪುರದಂ’. ಮಲಯಾಳದ ‘ಮಾಂಸ್ಯಂ’ ಮತ್ತು ತೆಲುಗಿನ ‘ಮಾಂಸಕೃತ್ತು’ಗಳು ಮೈಗೆ ಮಾಂಸ ಕೂಡಿಸುವ ವಸ್ತು ಎಂಬ ಅರ್ಥವನ್ನು ಹೊತ್ತಿವೆ. ನಮ್ಮ ಹಳೆಯ ಕನ್ನಡ ಪಠ್ಯಪುಸ್ತಕಗಳಲ್ಲಿದ್ದ ಪದವೆಂದರೆ ‘ಸಸಾರಜನಕ’. ಸಾರಜನಕವೆಂದರೆ ನೈಟ್ರೋಜನ್, ಅದು ಯಾವುದರಲ್ಲಿದೆಯೋ ಅದು ಸಸಾರಜನಕ. ನೆರೆಯ ಎರಡು ಭಾಷೆಗಳು ಈ ವಸ್ತು ಮಾಡುವ ಕೆಲಸವನ್ನು ಹೆಸರಿಸಿದರೆ, ಕನ್ನಡವು ಪ್ರಯೋಗಶಾಲೆಯಲ್ಲಿ ಅಳೆಯುವುದನ್ನು ಹೆಸರಿಸಿತು. ಚೀಲದ ಮೇಲಿನ ಅಂಕಿಯ ಗುಟ್ಟು ಈ ಪದದಲ್ಲಿಯೇ ಅಡಗಿದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿದ್ದ ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞರು 1883ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಕಾಳನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿದರೆ ಅದರಲ್ಲಿರುವ ಸಾರಜನಕವು ಅಮೋನಿಯಂ ಲವಣವಾಗಿ ಉಳಿಯುತ್ತದೆ. ಬಳಿಕ ಕ್ಷಾರ ಬೆರೆಸಿದರೆ ಅದು ಅಮೋನಿಯಾ ಆಗಿ ಹೊರಬರುತ್ತದೆ. ಅದನ್ನು ಹಿಡಿದು ಅಳೆಯಬಹುದು. ಪ್ರೋಟೀನಿನಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕವಿರುವುದರಿಂದ, ಸಿಕ್ಕಿದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಪ್ರಮಾಣ ದೊರೆಯುತ್ತದೆ ಎಂಬುದು ಲೆಕ್ಕ. ಆಹಾರದಲ್ಲಿ ಶೇ. 3.2 ಸಾರಜನಕವಿದ್ದರೆ ಚೀಲದ ಮೇಲೆ ಶೇ. 20 ಪ್ರೋಟೀನ್ ಎಂದು ಅಚ್ಚಾಗುತ್ತದೆ. ಲೆಕ್ಕ ಸರಿಯೇ. ಆದರೆ ಆ ಸಾರಜನಕ ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದಲ್ಲಿ ಶೇ. 46 ಸಾರಜನಕವಿದೆ. 6.25ರಿಂದ ಗುಣಿಸಿ ನೋಡಿ: ಶೇ. 287! ಒಂದು ಗ್ರಾಂ ಪ್ರೋಟೀನೂ ಇಲ್ಲದ ವಸ್ತುವಿನಲ್ಲಿ ನೂರಕ್ಕೆ ಇನ್ನೂರ ಎಂಬತ್ತೇಳು ಪ್ರೋಟೀನ್. ‘ಕ್ರೂಡ್’, ಅಂದರೆ ಒರಟು ಲೆಕ್ಕದ, ಎಂಬ ವಿಶೇಷಣ ಅಲ್ಲಿರುವುದು ಇದೇ ಕಾರಣಕ್ಕೆ.

ಇದು ಹಾಳೆಯ ಮೇಲಿನ ತಮಾಷೆಯಲ್ಲ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಕೂಡಿಸಿ, ಸಾರಜನಕದ ಪರೀಕ್ಷೆಯಲ್ಲಿ ಅದು ಗಟ್ಟಿ ಹಾಲಿನಂತೆ ತೋರುವ ಹಾಗೆ ಮಾಡಿದ್ದರು. ಮೆಲಮೈನ್‌ನಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ ಇದೆ. 2008ರಲ್ಲಿ ಅದು ಬಯಲಾಗುವ ವೇಳೆಗೆ ಆ ಹಾಲಿನ ಪುಡಿಯನ್ನು ಕುಡಿದ ಸುಮಾರು 3 ಲಕ್ಷ ಹಸುಗೂಸುಗಳು ಮೂತ್ರಪಿಂಡದ ತೊಂದರೆಗೆ ಒಳಗಾಗಿದ್ದವು. ಆರು ಶಿಶುಗಳು ತೀರಿಕೊಂಡವು.

ಹಾಗಾದರೆ ಅಳೆಯಬೇಕಾದದ್ದು ಯಾವುದನ್ನು? ಪ್ರೋಟೀನ್ ಎಂಬುದು ಒಂದೇ ವಸ್ತುವಲ್ಲ. ಸುಮಾರು ಇಪ್ಪತ್ತು ಅಮೈನೋ ಆಮ್ಲಗಳ ಸರಪಳಿ. ತರಗತಿಯಲ್ಲಿ ನಾವು ಇದನ್ನು ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳಿಗೆ ಹೋಲಿಸಿ ಹೇಳುತ್ತೇವೆ. ಪೆಟ್ಟಿಗೆಯಲ್ಲಿ ಸಾವಿರಾರು ಮೊಳೆಗಳಿರಬಹುದು. ‘ನ’ ಮುಗಿದುಹೋಗಿದ್ದರೆ ‘ಕನ್ನಡ’ ಎಂಬ ಪದವನ್ನು ಜೋಡಿಸಲಾಗದು. ಉಳಿದ ‘ಕ’ಗಳೂ ‘ಡ’ಗಳೂ ಎಷ್ಟಿದ್ದರೂ ಆ ಪದಕ್ಕೆ ಉಪಯೋಗವಿಲ್ಲ. ಕೆಲವು ಮೊಳೆಗಳನ್ನು ದೇಹ ತಾನೇ ಎರಕ ಹೊಯ್ದುಕೊಳ್ಳಬಲ್ಲದು. ಇನ್ನು ಕೆಲವನ್ನು ಆಹಾರದಿಂದಲೇ ಪಡೆಯಬೇಕು. ಅವೇ ಅತ್ಯವಶ್ಯಕ ಅಮೈನೋ ಆಮ್ಲಗಳು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಅಮೆರಿಕದ ಥಾಮಸ್ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್. (ಇವರು ಬಟಾಣಿ ಗಿಡಗಳ ಮೆಂಡೆಲ್ ಅಲ್ಲ, ಮಕ್ಕಳು ಪ್ರತಿ ವರ್ಷವೂ ಕೇಳುತ್ತಾರೆ.) 1914ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಎಳೆಯ ಇಲಿಗಳಿಗೆ ಮೆಕ್ಕೆಜೋಳದ ಝೀನ್ ಎಂಬ ಪ್ರೋಟೀನನ್ನು ಮಾತ್ರ ಕೊಟ್ಟಾಗ ಇಲಿಗಳು ಬಡಕಲಾದವು. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿದಾಗ ತೂಕ ಇಳಿಯುವುದು ನಿಂತಿತು, ಆದರೆ ಬೆಳವಣಿಗೆ ಆಗಲಿಲ್ಲ. ಅದರೊಡನೆ ಲೈಸೀನನ್ನೂ ಸೇರಿಸಿದಾಗ ಬೆಳೆದವು. ಮೆಂಡೆಲರ ಶಿಷ್ಯರಾದ ವಿಲಿಯಂ ರೋಸ್ ಮುಂದೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಅಂದು ತಿಳಿದಿದ್ದ ಎಲ್ಲ ಅಮೈನೋ ಆಮ್ಲಗಳನ್ನೂ ಬೆರೆಸಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಬೆಳೆಯಲಿಲ್ಲ. ಏನೋ ಒಂದು ಮೊಳೆ ಪೆಟ್ಟಿಗೆಯಲ್ಲಿ ಇಲ್ಲವೆಂದು ತಿಳಿದು ಹುಡುಕುತ್ತ ಹೋದ ಅವರಿಗೆ 1935ರಲ್ಲಿ ಥ್ರಿಯೋನಿನ್ ಸಿಕ್ಕಿತು. ಈ ಹೆಸರು ಕುದುರೆಯ ವಿಷಯದಲ್ಲಿ ಮತ್ತೆ ಬರುತ್ತದೆ.

ಕೋಳಿಗೆ ಈ ನಿಯಮ ಬಹಳ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ ಸೇರಿದ ಸಾಮಾನ್ಯ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಮಿಥಿಯೋನಿನ್. ಗರಿಗಳಿಗೆ ಗಂಧಕವುಳ್ಳ ಈ ಬಗೆಯ ಅಮೈನೋ ಆಮ್ಲಗಳು ವಿಶೇಷವಾಗಿ ಬೇಕು. ಹಂದಿಗೆ ಮೊದಲು ಸಾಲದಾಗುವುದು ಲೈಸೀನ್. ಹಿಂದೆ ಈ ಕೊರತೆಯನ್ನು ನೀಗಲು ಒಟ್ಟು ಪ್ರೋಟೀನನ್ನೇ ಹೆಚ್ಚಿಸುತ್ತಿದ್ದರು. ‘ನ’ ಬೇಕೆಂದು ಇಡೀ ಪೆಟ್ಟಿಗೆಯನ್ನೇ ಕೊಂಡಂತೆ. 1950ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ಲೈಸೀನ್ ತಯಾರಿಸುವುದು ಸಾಧ್ಯವಾಯಿತು; ಮಿಥಿಯೋನಿನ್ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುತ್ತದೆ. ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿಯು 1981ರಲ್ಲಿ ಹಂದಿಗಳಿಗಾಗಿ ‘ಆದರ್ಶ ಪ್ರೋಟೀನ್’ ಎಂಬ ಕಲ್ಪನೆಯನ್ನು ಮುಂದಿಟ್ಟಿತು: ಲೈಸೀನನ್ನು 100 ಎಂದು ಇಟ್ಟುಕೊಂಡರೆ ಉಳಿದವು ಯಾವ ಅನುಪಾತದಲ್ಲಿರಬೇಕು ಎಂಬ ಪಟ್ಟಿ. ಆ ಅನುಪಾತ ಕೂಡಿದರೆ ಕಡಿಮೆ ಪ್ರೋಟೀನಿನಲ್ಲಿಯೇ ಪ್ರಾಣಿ ಬೆಳೆಯುತ್ತದೆ. ಬಳಕೆಯಾಗದೆ ಉಳಿದ ಅಮೈನೋ ಆಮ್ಲಗಳ ಸಾರಜನಕ ಮಲಮೂತ್ರದಲ್ಲಿ ಹೊರಹೋಗುತ್ತದೆ. ಕೋಳಿ ಸಾಕಣೆಯ ಶೆಡ್ಡಿನ ಬಳಿ ಮೂಗಿಗೆ ಬಡಿಯುವ ಅಮೋನಿಯಾ ನಾತ ಅಲ್ಲಿಂದ ಹುಟ್ಟಿದ್ದು. ಆಹಾರದ ಪ್ರೋಟೀನನ್ನು ನೂರಕ್ಕೆ ಒಂದರಷ್ಟು ಇಳಿಸಿ ಅಮೈನೋ ಆಮ್ಲಗಳನ್ನು ಸರಿದೂಗಿಸಿದರೆ ಹೊರಹೋಗುವ ಸಾರಜನಕ ಸುಮಾರು ಶೇ. 8ರಿಂದ 10ರಷ್ಟು ಇಳಿಯುತ್ತದೆ. ಅಂದರೆ ಕೋಳಿ ಆಹಾರದ ಚೀಲದ ಮೇಲೆ ಪ್ರೋಟೀನಿನ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಅದು ಉತ್ತಮ ಆಹಾರವೆನಿಸದು.

ಈಗ ಆ ತಾಯಿಯ ಎಮ್ಮೆಗಳಿಗೆ ಬರೋಣ. ಮೆಲುಕು ಹಾಕುವ ಪ್ರಾಣಿಗಳ ಕತೆಯೇ ಬೇರೆ. ಹಸು, ಎಮ್ಮೆ, ಆಡು, ಕುರಿಗಳ ಮೊದಲ ಹೊಟ್ಟೆಯಾದ ರೂಮೆನ್ ಒಂದು ದೊಡ್ಡ ಹುದುಗುವ ಹರವಿ. ಅಲ್ಲಿನ ಸೂಕ್ಷ್ಮಜೀವಿಗಳು ಆಹಾರದ ಪ್ರೋಟೀನನ್ನು ಬಹುಪಾಲು ಒಡೆದು, ಆ ಸಾರಜನಕದಿಂದ ತಮ್ಮ ಮೈಯ ಪ್ರೋಟೀನನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಬಳಿಕ ಅವು ಮುಂದಕ್ಕೆ ಸರಿದು ಹಸುವಿಗೇ ಆಹಾರವಾಗುತ್ತವೆ. ಈ ಸೂಕ್ಷ್ಮಜೀವಿಗಳು ಎಲ್ಲ ಮೊಳೆಗಳನ್ನೂ ತಾವೇ ಎರಕ ಹೊಯ್ಯಬಲ್ಲವು. ಫಿನ್ಲೆಂಡಿನ ಆರ್ತುರಿ ವಿರ್ತಾನೆನ್ (1945ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು) ಇದನ್ನು ಕೊನೆಯವರೆಗೂ ಒಯ್ದು ನೋಡಿದರು. ಸಾರಜನಕಕ್ಕೆ ಯೂರಿಯಾ ಮತ್ತು ಅಮೋನಿಯಂ ಲವಣಗಳನ್ನಷ್ಟೇ ಕೊಟ್ಟು, ಪ್ರೋಟೀನೇ ಇಲ್ಲದ ಆಹಾರದಲ್ಲಿ ಹಸುಗಳನ್ನು ಸಾಕಿದರು. 1966ರಲ್ಲಿ ಅವರು ವರದಿ ಮಾಡಿದಂತೆ ಆ ಹಸುಗಳು ಹಾಲು ಕೊಟ್ಟವು, ಕರುವನ್ನೂ ಹಾಕಿದವು.

ಹೀಗಾಗಿ ಒಣ ಕಣಿಕೆಯನ್ನೇ ತಿಂದು ಬೇಸಿಗೆ ಕಳೆಯುವ ದನಕ್ಕೆ ಚೀಲದ ಮೇಲಿನ ಅಂಕಿ ನಿಜವಾಗಿಯೂ ಅರ್ಥಪೂರ್ಣ. ಜೋಳದ ಕಣಿಕೆಯಲ್ಲಿ ಕ್ರೂಡ್ ಪ್ರೋಟೀನ್ ಶೇ. 4ರ ಆಸುಪಾಸು, ಶೇ. 7ಕ್ಕಿಂತ ಕೆಳಗೆ ಇಳಿದರೆ ರೂಮೆನ್ನಿನ ಸೂಕ್ಷ್ಮಜೀವಿಗಳೇ ಹಸಿಯುತ್ತವೆ, ದನ ಮೇವನ್ನೇ ಕಡಿಮೆ ತಿನ್ನುತ್ತದೆ. ಅಲ್ಲಿ ಬೇಕಾದದ್ದು ಸಾರಜನಕ. ಅದು ಸ್ವಲ್ಪ ಅಗ್ಗದ ಮೂಲದಿಂದ ಬಂದರೂ ನಡೆಯುತ್ತದೆ. ಆದರೆ ಹೆಚ್ಚು ಹಾಲು ಕೊಡುವ ಎಮ್ಮೆಗೆ ಸೂಕ್ಷ್ಮಜೀವಿಗಳು ಕಟ್ಟಿದಷ್ಟೇ ಸಾಲದು. ರೂಮೆನ್ನಿನಲ್ಲಿ ಒಡೆಯದೆ ಮುಂದಕ್ಕೆ ಹೋಗುವ ಪ್ರೋಟೀನ್ ಬೇಕು. ಚೀಲಗಳ ಮೇಲೆ ‘ಬೈಪಾಸ್ ಪ್ರೋಟೀನ್’ ಎಂದು ಬರೆದಿರುವುದು ಇದನ್ನೇ. ಆಣಂದದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಹಿಂಡಿಯನ್ನು ಸಂಸ್ಕರಿಸಿ ಇದನ್ನು ತಯಾರಿಸುವ ವಿಧಾನವನ್ನು ಪ್ರಚಾರಕ್ಕೆ ತಂದಿದೆ. ಒಂದೇ ‘ಇಪ್ಪತ್ತು’ ಎರಡು ಬೆಲೆಗೆ ಮಾರಾಟವಾಗುವುದಕ್ಕೆ ಒಂದು ನ್ಯಾಯವಾದ ಕಾರಣ ಇದು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ಎಮ್ಮೆಗೆ ದುಬಾರಿ ಚೀಲ ತಂದರೆ ಆ ಹೆಚ್ಚಿನ ಹಣ ಹಾಲಾಗಿ ಮರಳಿ ಬರುವುದು ಕಷ್ಟ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ವಿರ್ತಾನೆನ್ನರ ಹಸುಗಳ ಕತೆ ಕೇಳಿ ಯಾರೂ ಗೊಬ್ಬರದ ಚೀಲದಿಂದ ಯೂರಿಯಾ ತೆಗೆದು ದನಕ್ಕೆ ಹಾಕಬಾರದು. ರೂಮೆನ್ನಿನಲ್ಲಿ ಅದು ಕ್ಷಣಾರ್ಧದಲ್ಲಿ ಅಮೋನಿಯಾ ಆಗುತ್ತದೆ; ಅಳತೆ ಮೀರಿದರೆ ದನ ಗಂಟೆಗಳಲ್ಲಿ ಸಾಯುತ್ತದೆ. ರೂಮೆನ್ ಇನ್ನೂ ಬೆಳೆಯದ ಎಳಗರುವಿಗೆ ಯೂರಿಯಾ ಇರುವ ಆಹಾರವನ್ನೇ ಕೊಡಬಾರದು. ಕೋಳಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಕುದುರೆ ಇವೆರಡರ ನಡುವೆ ನಿಂತಿರುವ ವಿಚಿತ್ರ ಪ್ರಾಣಿ. ಹಸುವಿನಂತೆ ಹುಲ್ಲು ತಿನ್ನುತ್ತದೆ. ಹಸುವಿನಂತೆ ಅದಕ್ಕೂ ಹುದುಗುವ ಹರವಿ ಇದೆ. ಆದರೆ ಆ ಹರವಿ ಇರುವುದು ಹಿಂದೆ, ದೊಡ್ಡ ಕರುಳಿನಲ್ಲಿ. ಅಮೈನೋ ಆಮ್ಲಗಳನ್ನು ಹೀರಿಕೊಳ್ಳುವ ಸಣ್ಣ ಕರುಳು ಅದಕ್ಕಿಂತ ಮುಂಚೆಯೇ ಮುಗಿದಿರುತ್ತದೆ. ಆದ್ದರಿಂದ ಹಿಂದಿನ ಸೂಕ್ಷ್ಮಜೀವಿಗಳು ಕಟ್ಟಿದ ಪ್ರೋಟೀನಿನ ಬಹುಪಾಲು ಲದ್ದಿಯಲ್ಲಿ ಹೋಗುತ್ತದೆ. ಪ್ರೋಟೀನಿನ ವಿಷಯದಲ್ಲಿ ಕುದುರೆಯು ಹಸುವಿಗಿಂತ ಕೋಳಿಗೇ ಹತ್ತಿರ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ವರ್ಷದ ಪ್ರಾಯದ ಕುದುರೆಮರಿಗಳಿಗೆ ಲೈಸೀನ್ ಸೇರಿಸಿ ನೋಡಿ, ಮೊದಲು ಕೊರತೆ ಬೀಳುವುದು ಅದೇ ಎಂದು ತೋರಿಸಿದರು. 1994ರಲ್ಲಿ ಅಲ್ಲಿಯೇ ಥ್ರಿಯೋನಿನ್ ಎರಡನೆಯದೆಂದು ಕಂಡುಬಂತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2007ರ ಪಟ್ಟಿಯ ಪ್ರಕಾರ ಕೆಲಸವಿಲ್ಲದೆ ನಿಂತಿರುವ 500 ಕಿಲೋ ತೂಕದ ಕುದುರೆಗೆ ದಿನಕ್ಕೆ 630 ಗ್ರಾಂ ಪ್ರೋಟೀನ್, ಅದರಲ್ಲಿ 27 ಗ್ರಾಂ ಲೈಸೀನ್ ಸಾಕು. ಅದೇ ತಳಿಯ ಆರು ತಿಂಗಳ ಮರಿ ಅದರ ಅರ್ಧದಷ್ಟೂ ತೂಗುವುದಿಲ್ಲ. ಅದಕ್ಕೆ ಬೇಕಾದ ಲೈಸೀನ್ 29 ಗ್ರಾಂ.

ಈ ಪಟ್ಟಿಗಳು ಬರುವುದಕ್ಕಿಂತ ಬಹಳ ಮೊದಲೇ ನಮ್ಮ ಕಡೆ ಕುದುರೆಗೆ ಬೇಯಿಸಿದ ಹುರುಳಿ ತಿನ್ನಿಸುತ್ತಿದ್ದರು. ಇಂಗ್ಲಿಷರು ಆ ಕಾಳಿಗೆ ‘ಹಾರ್ಸ್ ಗ್ರಾಂ’ ಎಂದೇ ಹೆಸರಿಟ್ಟರು. ಹೊಸೂರಿನ ಪಕ್ಕದ ಮತ್ತಿಗಿರಿಯ ಸರಕಾರಿ ಫಾರ್ಮ್ ಈಗ ದನಗಳಿಗೆ ಹೆಸರಾಗಿದ್ದರೂ, 1824ರಲ್ಲಿ ಅದು ಆರಂಭವಾದದ್ದು ಸೈನ್ಯದ ಕುದುರೆಗಳಿಗಾಗಿ. ಅಲ್ಲಿನ ತಮಿಳರಿಗೆ ಹುರುಳಿ ‘ಕೊಳ್ಳು’, ಕಾಸರಗೋಡಿನ ಮಲಯಾಳಿಗಳಿಗೆ ‘ಮುದಿರ’, ರಾಯದುರ್ಗದಲ್ಲಿ ತೆಲುಗರ ‘ಉಲವಲು’, ನಮ್ಮ ಸೊಲ್ಲಾಪುರದ ಮರಾಠಿಯಲ್ಲಿ ‘ಹುಲಗೆ’. ಹುಲ್ಲು ಮತ್ತು ಜೋಳ, ಓಟ್ಸ್‌ಗಳಂಥ ಧಾನ್ಯಗಳಲ್ಲಿ ಲೈಸೀನ್ ಕಡಿಮೆ. ಹುರುಳಿಯಂಥ ದ್ವಿದಳ ಕಾಳುಗಳಲ್ಲಿ ಅದು ಹೇರಳ, ಮಿಥಿಯೋನಿನ್ ಮಾತ್ರ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇಯಿಸುವುದಕ್ಕೂ ಕಾರಣವಿದೆ: ಹಸಿಯ ಕಾಳಿನಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ವಸ್ತುಗಳಿವೆ, ನೀರಿನಲ್ಲಿ ಬೆಂದಾಗ ಅವು ಬಲಗುಂದುತ್ತವೆ.

ಬಿಸಿ ಅತಿಯಾದರೂ ಕೆಡುಕೇ. ಹಿಂಡಿ ಗಾಣದಲ್ಲಿ ಅಥವಾ ಒಣಗಿಸುವಾಗ ಸೀದು ಕಪ್ಪಾದರೆ ಅದರ ಲೈಸೀನ್ ಸಕ್ಕರೆಯೊಡನೆ ಬೆಸೆದುಕೊಂಡು ಪ್ರಾಣಿಗೆ ದಕ್ಕದ ಹಾಗಾಗುತ್ತದೆ. ಸಾರಜನಕವೆಲ್ಲ ಅಲ್ಲೇ ಇರುವುದರಿಂದ ಕೆಲ್ಡಾಲ್ ಪರೀಕ್ಷೆಗೆ ಇದು ಗೊತ್ತಾಗುವುದೇ ಇಲ್ಲ. ಚೀಲದ ಮೇಲಿನ ಅಂಕಿ ಬದಲಾಗುವುದಿಲ್ಲ. ಕೊಳ್ಳುವಾಗ ಹಿಂಡಿಯನ್ನು ಮುರಿದು ಬಣ್ಣ ನೋಡಿ, ಮೂಸಿ ನೋಡುವ ಹಿರಿಯರ ಪದ್ಧತಿ ಈ ಅಂಕಿ ಹೇಳದ್ದನ್ನು ಹೇಳುತ್ತದೆ. ಶೇಂಗಾ ಹಿಂಡಿಯಾದರೆ ಬೂಷ್ಟು ಹಿಡಿದಿದೆಯೋ ಎಂದೂ ನೋಡಬೇಕು. ಅದರ ವಿಷ ಹಾಲಿಗೂ ಇಳಿಯುತ್ತದೆ.

ನಮ್ಮ ಮಕ್ಕಳ ಹೊಟ್ಟೆಯೂ ಕೋಳಿಯ, ಕುದುರೆಯ ಸಾಲಿನದೇ, ರೂಮೆನ್ ನಮಗಿಲ್ಲ. ಜೋಳದ ರೊಟ್ಟಿಯೊಂದನ್ನೇ ತಿಂದ ಮಗುವಿಗೆ ಲೈಸೀನ್ ಸಾಲದು. ಪಕ್ಕದಲ್ಲಿ ಹುರುಳಿಯದೋ ತೊಗರಿಯದೋ ಪಲ್ಯ ಬಿದ್ದರೆ, ಒಂದು ಬಟ್ಟಲು ಮಜ್ಜಿಗೆ ಇದ್ದರೆ, ಆ ಮೊಳೆ ಪೆಟ್ಟಿಗೆಗೆ ಬರುತ್ತದೆ.

ಆ ತಾಯಿಗೆ ಉತ್ತರ ಹೇಳಲು ನಾವು ಮಕ್ಕಳಿಂದ ಒಂದು ಗೋಡೆಪಟ್ಟಿ ಮಾಡಿಸಿದೆವು. ಚೀಲದ ಮೇಲಿನ ಪ್ರೋಟೀನ್ ಎಷ್ಟು, ಯಾವ ಪ್ರಾಣಿಗೆ, ಯೂರಿಯಾ ಸೇರಿದೆಯೆ, ಯಾವ ಯಾವ ಹಿಂಡಿ ಬಳಸಿದ್ದಾರೆ ಎಂದು ಕನ್ನಡದಲ್ಲಿ ನಾಲ್ಕು ಅಂಕಣಗಳು. ಮೊದಲ ಎರಡು ಬೇಗ ತುಂಬಿದವು. ಕೊನೆಯ ಎರಡು ಅಂಕಣಗಳಿಗೆ ಉತ್ತರ ಹಲವು ಚೀಲಗಳ ಮೇಲೆ ಇರಲೇ ಇಲ್ಲ. ಅವನ್ನು ಅಂಗಡಿಯಲ್ಲಿ ಕೇಳಿಕೊಂಡು ಬರಲು ಈಗ ಆ ಹುಡುಗಿಯೇ ತಾಯಿಯ ಜೊತೆ ಹೋಗುತ್ತಿದ್ದಾಳೆ.