ಸೇನಾಬಲದ ಲೆಕ್ಕವನ್ನು ಎಷ್ಟು ನಂಬಬಹುದು?

ಗಡಿಯಲ್ಲಿ ಬಿಗುವು ತಲೆದೋರಿದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಕೋಷ್ಟಕ ಪ್ರಕಟವಾಗುವುದನ್ನು ಓದುಗರು ಗಮನಿಸಿರಬಹುದು. ಸೈನಿಕರು ಇಷ್ಟು, ಟ್ಯಾಂಕುಗಳು ಇಷ್ಟು, ವಿಮಾನಗಳು ಇಷ್ಟು. ದೊಡ್ಡ ಅಂಕಿ ನಮ್ಮ ಕಡೆಗಿದ್ದರೆ ಮನಸ್ಸಿಗೆ ಸಮಾಧಾನ. ಯುದ್ಧಯೋಜನೆ ರೂಪಿಸುವವರಿಗೂ ಈ ಲೆಕ್ಕ ಬೇಕೇ ಬೇಕು. ಆದರೆ ಅದನ್ನಷ್ಟೇ ನೆಚ್ಚಿದರೆ ಏನಾದೀತು ಎಂಬುದನ್ನು 1940ರ ಫ್ರಾನ್ಸ್ ತೋರಿಸುತ್ತದೆ.

ಆ ವರ್ಷದ ಮೇ 10ರಂದು ಜರ್ಮನಿ ದಾಳಿ ಆರಂಭಿಸಿದಾಗ ಅದರ ಬಳಿಯಿದ್ದ ಟ್ಯಾಂಕುಗಳು ಸುಮಾರು 2,500. ಫ್ರಾನ್ಸ್ ಒಂದರ ಬಳಿಯೇ ಸುಮಾರು 3,000. ಫಿರಂಗಿಗಳಲ್ಲೂ ಫ್ರಾನ್ಸ್ ಮುಂದಿತ್ತು. ವಿಮಾನಬಲದಲ್ಲಿ ಜರ್ಮನಿಯದು ಮೇಲುಗೈ. ಆದರೂ ಜೂನ್ 22ರಂದು ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಬೇಕಾಯಿತು.

ಅನೇಕ ಫ್ರೆಂಚ್ ಟ್ಯಾಂಕುಗಳಲ್ಲಿ ರೇಡಿಯೊ ಇರಲಿಲ್ಲ. ಗೋಪುರದೊಳಗೆ ಒಬ್ಬನೇ ಕುಳಿತು ಗುಂಡು ತುಂಬಿ, ಗುರಿಯಿಟ್ಟು, ಹಾರಿಸಿ, ಆಜ್ಞೆಯನ್ನೂ ಕೊಡಬೇಕಿತ್ತು. ಕೋಷ್ಟಕದಲ್ಲಿ ಮಾತ್ರ ಅದೂ ಒಂದು ಟ್ಯಾಂಕು, ಇದೂ ಒಂದು ಟ್ಯಾಂಕು!

ಇದಕ್ಕಿಂತಲೂ ಮುಖ್ಯವಾದದ್ದು ಹಂಚಿಕೆ. ಫ್ರೆಂಚರು ತಮ್ಮ ಟ್ಯಾಂಕುಗಳಲ್ಲಿ ಬಹುಪಾಲನ್ನು ಪದಾತಿದಳದ ನೆರವಿಗೆಂದು ಚದುರಿಸಿದ್ದರು. ಜರ್ಮನರಾದರೋ ತಮ್ಮ ಹತ್ತು ಟ್ಯಾಂಕು ಡಿವಿಷನ್‌ಗಳಲ್ಲಿ ಏಳನ್ನು ಆರ್ಡೆನ್ ಕಾಡಿನ ಮೂಲಕ ಒಂದೇ ದಿಕ್ಕಿಗೆ ನುಗ್ಗಿಸಿದರು. ಆಕ್ರಮಣಕಾರನಿಗೆ ಮೂರು ಪಟ್ಟು ಬಲ ಬೇಕೆಂಬುದು ಸೈನಿಕರ ವಾಡಿಕೆಯ ಮಾತು. ಇಡೀ ರಂಗದಲ್ಲಿ ಜರ್ಮನಿಗೆ ಅಷ್ಟು ಬಲವಿರಲಿಲ್ಲ. ಮೇ 13ರಂದು ಮ್ಯೂಸ್ ನದಿ ದಾಟಿದ ಸೆಡಾನಿನಲ್ಲಿ ಇತ್ತು. ಮೇ 20ರಂದು ಅವರು ಸಮುದ್ರತೀರ ತಲುಪಿದರು.

ಹೀಗೆ ಒಗ್ಗೂಡಿಸುವುದರ ಫಲವನ್ನು ಬ್ರಿಟನ್ನಿನ ಮೋಟಾರು ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲೇ ಗಣಿತದಿಂದ ವಿವರಿಸಿದ್ದರು. ದೂರದಿಂದ ಗುರಿಯಿಟ್ಟು ಹೋರಾಡುವ ಯುದ್ಧದಲ್ಲಿ ಪಡೆಯ ಬಲ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಅವರ ಸೂತ್ರ. ಸಮಾನ ಸಾಮರ್ಥ್ಯದ ಸಾವಿರ ಮಂದಿಗೆ ಸಾವಿರ ಮಂದಿ ಎದುರಾದರೆ ಸಮಬಲ. ಆದರೆ ಒಂದು ಪಕ್ಷ ಐನೂರರಂತೆ ಎರಡು ಸಲ ಬಂದರೆ? ಮೊದಲ ಐನೂರನ್ನು ಮುಗಿಸಿದ ಮೇಲೆ ಎದುರಾಳಿಯಲ್ಲಿ ಸುಮಾರು 866 ಮಂದಿ ಉಳಿಯುತ್ತಾರೆ. ಎರಡನೆಯ ಐನೂರನ್ನೂ ಮುಗಿಸಿದ ಮೇಲೆ ಸುಮಾರು 707. ರಣರಂಗ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ನಿಜ. ಆದರೂ ಯೋಜಕನು ಕೇಳಬೇಕಾದದ್ದು ದೇಶದಲ್ಲಿ ಒಟ್ಟು ಎಷ್ಟಿದೆ ಎಂದಲ್ಲ. ಈ ನದಿಯ ದಂಡೆಯಲ್ಲಿ, ಈ ದಿನ ಎಷ್ಟಿದೆ, ನಾಳೆಯೊಳಗೆ ಎಷ್ಟನ್ನು ತರಬಹುದು ಎಂದು.

ಮೇ 16ರಂದು ಪ್ಯಾರಿಸ್‌ಗೆ ಧಾವಿಸಿದ ಚರ್ಚಿಲ್ ಕೇಳಿದ್ದೂ ಮೀಸಲು ಪಡೆ ಎಲ್ಲಿದೆ ಎಂದೇ. ಇಲ್ಲ ಎಂಬುದು ಸೇನಾಪತಿ ಗಾಮೆಲಾಂ ಅವರ ಉತ್ತರವಾಗಿತ್ತು. ಮೀಸಲಾಗಿರಬೇಕಿದ್ದ ಏಳನೆಯ ಸೇನೆಯನ್ನು ಅವರು ದಾಳಿಯ ಆರಂಭದಲ್ಲೇ ಹಾಲೆಂಡಿನತ್ತ ಕಳುಹಿಸಿಬಿಟ್ಟಿದ್ದರು.